ಲೇಸ್ ಶಾಲಿನ ಲೆಕ್ಕ ತಪ್ಪಿದಾಗ: ಬಿಚ್ಚುವ ಮೊದಲು ದೋಷ ಹುಡುಕುವ ಕ್ರಮ

ಲೇಸ್ ಹೆಣಿಗೆಯಲ್ಲಿ ತಪ್ಪು ಆಗುವುದು ಒಂದು ಸಾಲಿನಲ್ಲಿ, ಕಣ್ಣಿಗೆ ಬೀಳುವುದು ಇನ್ನೊಂದು ಸಾಲಿನಲ್ಲಿ. ಸಾದಾ ಸ್ವೆಟರಿನಲ್ಲಿ ಕುಣಿಕೆ ಬಿದ್ದರೆ ಅಲ್ಲೇ ತೂತು ಕಾಣುತ್ತದೆ. ಲೇಸ್‌ನಲ್ಲಿ ತೂತೇ ವಿನ್ಯಾಸವಾದ್ದರಿಂದ ಬೇಕೆಂದು ಮಾಡಿದ್ದು ಯಾವುದು, ಕೈತಪ್ಪಿ ಆದದ್ದು ಯಾವುದು ಎಂದು ತಕ್ಷಣ ಗೊತ್ತಾಗುವುದಿಲ್ಲ. ಎರಡು ಸಾಲು ಮುಂದೆ ಹೋದ ಮೇಲೆ ಚಾರ್ಟ್‌ನಲ್ಲಿ (ವಿನ್ಯಾಸದ ಚೌಕುಳಿ ಚಿತ್ರದಲ್ಲಿ) ಮೂರು ಮನೆ ಬಾಕಿ, ಕಡ್ಡಿಯಲ್ಲಿ ಕುಣಿಕೆ ಎರಡೇ. ಆಗ ಸಿಟ್ಟು ಬಂದು ಕಡ್ಡಿ ಎಳೆದು ಬಿಚ್ಚಿಬಿಡುವವರೇ ಹೆಚ್ಚು. ಒಂದು ಕುಣಿಕೆಯ ತಪ್ಪಿಗೆ ಮೂರು ಸಂಜೆಯ ಕೆಲಸ ಹೋಗುವುದು ಹೀಗೆ.

ಮಳೆಗಾಲ ಶುರುವಾಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನೆಯೊಳಗೆ ಕೂರುವ ಹೊತ್ತು ಜಾಸ್ತಿ, ಹೆಣಿಗೆ ಜಾಸ್ತಿ, ಕರೆಂಟ್ ಕಮ್ಮಿ. ನನ್ನ ಫೋನಿಗೆ ಶಾಲಿನ ಫೋಟೋಗಳು ಬರುವುದೂ ಆಗಲೇ. ಹೋದ ಮಳೆಗಾಲದಲ್ಲಿ ನಮ್ಮ ಕೇರಿಯ ಹುಡುಗಿಯೊಬ್ಬಳು ರಾತ್ರಿ ಫೋನ್ ಮಾಡಿದಳು: "ಅತ್ತಿಗೆ, ಒಂದು ಕಮ್ಮಿ ಬರ್ತಾ ಇದೆ. ಬಿಚ್ಚಿಬಿಡ್ಲಾ?" "ಎಲ್ಲಿ ಕಮ್ಮಿ ಮಾರಾಯ್ತಿ?" "ಅದೇ ಗೊತ್ತಾಗ್ತಾ ಇಲ್ಲ." ಗೊತ್ತಾಗದೆ ಬಿಚ್ಚಿದರೆ ಎಷ್ಟು ಬಿಚ್ಚಬೇಕು ಅನ್ನುವುದೂ ಗೊತ್ತಾಗುವುದಿಲ್ಲ. ಈ ಕೈಪಿಡಿಯಲ್ಲಿ ಇರುವುದು ಅವತ್ತು ಅವಳಿಗೆ ಫೋನಿನಲ್ಲೇ ಹೇಳಿದ ಕ್ರಮ, ಸ್ವಲ್ಪ ವಿಸ್ತಾರವಾಗಿ. ನಿಟ್, ಪರ್ಲ್ ಬರುವವರಿಗೆ, ಒಂದಾದರೂ ಸ್ವೆಟರೋ ಮಫ್ಲರೋ ಮುಗಿಸಿದವರಿಗೆ ಇದು ಸಾಕು.

ಮೊದಲು ಕೂಡು-ಕಳೆ

ಲೇಸ್‌ನ ವಿನ್ಯಾಸವೆಲ್ಲ ಎರಡು ಕೆಲಸಗಳ ಮೇಲೆ ನಿಂತಿದೆ. ಕಡ್ಡಿಗೆ ದಾರ ಒಂದು ಸಲ ಸುತ್ತಿದರೆ, ಅಂದರೆ ಯಾರ್ನ್ ಓವರ್ ಮಾಡಿದರೆ, ಒಂದು ಕುಣಿಕೆ ಹೆಚ್ಚುತ್ತದೆ, ಕೆಳಗೆ ತೂತು ಬೀಳುತ್ತದೆ. ಎರಡು ಕುಣಿಕೆ ಸೇರಿಸಿ ಹೆಣೆದರೆ ಒಂದು ಕಮ್ಮಿ. ಮೊದಲನೆಯದನ್ನು ಸುತ್ತು, ಎರಡನೆಯದನ್ನು ಜೋಡಿ ಎಂದು ಕರೆಯುತ್ತೇನೆ. ಅಗಲ ಬದಲಾಗದ ಶಾಲಿನಲ್ಲಿ ಸುತ್ತು ಎಷ್ಟೋ ಜೋಡಿಯೂ ಅಷ್ಟೇ. ಮೂರನ್ನು ಸೇರಿಸಿ ಒಂದು ಮಾಡಿದ ಕಡೆ ಎರಡು ಕಮ್ಮಿಯಾಗುವುದರಿಂದ ಅದಕ್ಕೆ ಎರಡು ಸುತ್ತು ಬೇಕು. ಕೆಲವು ವಿನ್ಯಾಸಗಳಲ್ಲಿ ಒಂದು ಸಾಲಿನಲ್ಲಿ ಹೆಚ್ಚಿಸಿ ಮುಂದಿನ ಸಾಲಿನಲ್ಲಿ ಕಮ್ಮಿ ಮಾಡುವುದುಂಟು. ಅಂಥದ್ದಿದ್ದರೆ ಯಾವ ಸಾಲಿನ ಕೊನೆಗೆ ಎಷ್ಟಿರಬೇಕು ಎಂದು ಶುರುವಿನಲ್ಲೇ ಚಾರ್ಟ್‌ನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ.

ಶೆಟ್‌ಲ್ಯಾಂಡ್ ದ್ವೀಪಗಳ ಓಲ್ಡ್ ಶೇಲ್ ವಿನ್ಯಾಸವನ್ನೇ ತೆಗೆದುಕೊಳ್ಳಿ. ಅಲೆ ಅಲೆಯಾಗಿ ಬರುವ ಇದನ್ನು ನಮ್ಮಲ್ಲಿ ಬಹಳ ಮಂದಿ ಫೆದರ್ ಅಂಡ್ ಫ್ಯಾನ್ ಎನ್ನುತ್ತಾರೆ. ಲೇಸ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ, ಯಾಕೆಂದರೆ ನಾಲ್ಕು ಸಾಲಿನಲ್ಲಿ ಒಂದೇ ಸಾಲಿಗೆ ತಲೆ ಓಡಿಸಬೇಕು. ಮತ್ತೆ ಮತ್ತೆ ಬರುವ ಒಂದು ಭಾಗಕ್ಕೆ 18 ಕುಣಿಕೆ. 1ನೇ ಸಾಲು ಪೂರ್ತಿ ನಿಟ್, 2ನೇ ಸಾಲು ಪೂರ್ತಿ ಪರ್ಲ್. 3ನೇ ಸಾಲಿನಲ್ಲಿ ಮೂರು ಜೋಡಿ, ಆಮೇಲೆ ಸುತ್ತು-ನಿಟ್ ಎಂದು ಆರು ಸಲ, ಮತ್ತೆ ಮೂರು ಜೋಡಿ. 4ನೇ ಸಾಲು ಉಲ್ಟಾ ಬದಿಯಲ್ಲೇ, ಅಂದರೆ ಹಿಂಬದಿಯಲ್ಲೇ, ಪೂರ್ತಿ ನಿಟ್. ಆರು ಜೋಡಿ ಹೋಯಿತು, ಆರು ಸುತ್ತು ಬಂತು, 18 ಹದಿನೆಂಟಾಗಿಯೇ ಉಳಿಯಿತು.

ಸಾಲಿನ ಕೊನೆಗೆ ಲೆಕ್ಕ ಕೂಡದಿದ್ದರೆ

ಕೈಯಲ್ಲಿದ್ದ ಸಾಲನ್ನು ಮುಗಿಸಲು ಹೋಗಬೇಡಿ, ಅಲ್ಲೇ ನಿಲ್ಲಿಸಿ. ಇಡೀ ಶಾಲಿನ ಕುಣಿಕೆ ಎಣಿಸುವುದರಿಂದ ಪ್ರಯೋಜನ ಇಲ್ಲ. 200ರ ಬದಲು 199 ಅಂತ ತಿಳಿದರೆ ಅದರಿಂದ ದಾರಿ ಸಿಗುವುದಿಲ್ಲ. ಒಂದೊಂದು ಭಾಗವನ್ನೇ ಎಣಿಸಿ. ಭಾಗಗಳ ನಡುವೆ ಮಾರ್ಕರ್ (ಕಡ್ಡಿಗೆ ಹಾಕುವ ಗುರುತಿನ ಬಳೆ) ಹಾಕಿಲ್ಲವಾದರೆ ಈಗ ಹಾಕಿ. ಬೇರೆ ಬಣ್ಣದ ದಾರವನ್ನು ಬಳೆಯ ಹಾಗೆ ಗಂಟು ಹಾಕಿದರೂ ನಡೆಯುತ್ತದೆ.

ಈಗ ಒಂದು ಭಾಗದಲ್ಲಿ 18ರ ಬದಲು 17 ಇದೆ ಎನ್ನಿ. ಕಡ್ಡಿಯ ಮೇಲೆ ನೋಡುವುದನ್ನು ಬಿಟ್ಟು ಕಡ್ಡಿಯ ಕೆಳಗೆ ನೋಡಿ. ಹೆಣಿಗೆಯನ್ನು ಬಿಳಿ ಬಟ್ಟೆಯ ಮೇಲೋ, ದಾರ ಬಿಳಿಯದಾದರೆ ಕಪ್ಪು ಬಟ್ಟೆಯ ಮೇಲೋ ಹರಡಿ, ಕೊನೆಯ ವಿನ್ಯಾಸದ ಸಾಲಿನಲ್ಲಿ ಆ ಭಾಗದ ತೂತುಗಳನ್ನು ಎಣಿಸಿ. ಐದೇ ಇದ್ದರೆ ಒಂದು ಸುತ್ತು ಬಿಟ್ಟುಹೋಗಿದೆ. ಆರೂ ಇದ್ದು ಕುಣಿಕೆ ಮಾತ್ರ ಕಮ್ಮಿ ಇದ್ದರೆ, ಜೋಡಿ ಮಾಡುವಾಗ ಮೂರನೆಯದೂ ಸೇರಿಹೋಗಿದೆ, ಇಲ್ಲವೇ ಒಂದು ಕುಣಿಕೆ ಕಡ್ಡಿಯಿಂದ ಜಾರಿದೆ. 19 ಇದ್ದರೂ ಇದೇ ಲೆಕ್ಕ. ತೂತು ಏಳಾದರೆ ಸುತ್ತು ಹೆಚ್ಚಾಗಿದೆ, ಆರೇ ಇದ್ದರೆ ಒಂದು ಜೋಡಿ ತಪ್ಪಿದೆ ಅಥವಾ ದಾರದ ಎಳೆ ಸೀಳಿ ಒಂದು ಕುಣಿಕೆ ಎರಡಾಗಿ ಕಾಣುತ್ತಿದೆ. ಎಳೆ ಸೀಳುವುದು ಸಡಿಲ ಹುರಿಯ ಅಕ್ರಿಲಿಕ್ ಉಲ್ಲನ್‌ನಲ್ಲಿ ತುಂಬ ಸಾಮಾನ್ಯ. ಕಡ್ಡಿಯ ತುದಿ ತುಂಬ ಚೂಪಾಗಿದ್ದರೆ ಇನ್ನೂ ಜಾಸ್ತಿ.

ಒಂದು ಭಾಗದಲ್ಲಿ 17, ಅದರ ಪಕ್ಕದ ಭಾಗದಲ್ಲಿ 19 ಬಂದರೆ ಹೆಚ್ಚಾಗಿ ಹೆಣಿಗೆಯಲ್ಲಿ ತಪ್ಪಿರುವುದಿಲ್ಲ. ಮಾರ್ಕರ್ ಪಕ್ಕಕ್ಕೆ ಹಾರಿರುತ್ತದೆ. ಭಾಗದ ಮೊದಲನೆಯದೋ ಕೊನೆಯದೋ ಸುತ್ತಾಗಿದ್ದರೆ ಮಾರ್ಕರ್ ಆ ಸಡಿಲ ದಾರದ ಅಡಿಯಿಂದ ನುಸುಳಿ ಆಚೆ ಹೋಗುತ್ತದೆ. ಈ ಸಣ್ಣ ಬಳೆಯನ್ನು ನಂಬಿ ಒಳ್ಳೆಯ ಹೆಣಿಗೆಯನ್ನು ಬಿಚ್ಚಿದವರು ಎಷ್ಟೋ ಮಂದಿ. ಅಂಥ ಜಾಗದಲ್ಲಿ ಉಲ್ಟಾ ಸಾಲು ಬರುವಾಗ ಸುತ್ತನ್ನು ಬೆರಳಿನಿಂದ ಹಿಡಿದು ಮಾರ್ಕರ್ ದಾಟಿಸಿ. ಮೂರು ಸೇರಿಸುವ ಜೋಡಿ ಎರಡು ಭಾಗಗಳ ಗಡಿಯ ಮೇಲೆಯೇ ಬಂದರೆ, ಆ ಸಾಲಿನಲ್ಲಿ ಮಾರ್ಕರ್ ತೆಗೆದು ಒಂದು ಕುಣಿಕೆ ಆಚೆ ಹಾಕದೆ ಬೇರೆ ದಾರಿ ಇಲ್ಲ. ಇಂಥ ಸಾಲುಗಳನ್ನು ಶುರುವಿಗೇ ಚಾರ್ಟ್‌ನಲ್ಲಿ ಕೆಂಪು ಚುಕ್ಕೆ ಇಟ್ಟು ಗುರುತು ಮಾಡಿಕೊಂಡರೆ ಒಳ್ಳೆಯದು.

ಮೇಲಿನಿಂದ ಕೆಳಗೆ ಹೆಣೆಯುವ ತ್ರಿಕೋನ ಶಾಲಿಗೆ ಬೇರೆ ಪರೀಕ್ಷೆ ಇದೆ. ಸಾಮಾನ್ಯವಾಗಿ ಪ್ರತಿ ಎರಡು ಸಾಲಿಗೆ ನಾಲ್ಕು ಕುಣಿಕೆ ಹೆಚ್ಚುತ್ತದೆ: ಎರಡು ಅಂಚಿನಲ್ಲಿ ಒಂದೊಂದು, ನಡುವಿನ ಕುಣಿಕೆಯ ಎಡಬಲಕ್ಕೆ ಒಂದೊಂದು. ನಡುವಿನ ಕುಣಿಕೆಗೆ ಮಾರ್ಕರ್ ಹಾಕಿ ಎರಡೂ ಅರ್ಧ ಸಮ ಇದೆಯೇ ನೋಡಿ. ಸಮ ಇಲ್ಲದಿದ್ದರೆ ತಪ್ಪು ಯಾವ ಅರ್ಧದಲ್ಲಿದೆ ಎಂದು ಅಲ್ಲಿಗೇ ಗೊತ್ತಾಯಿತು.

ಬಿಟ್ಟುಹೋದ ಸುತ್ತನ್ನು ಬಿಚ್ಚದೆ ತರುವುದು

ಲೇಸ್ ತಪ್ಪುಗಳಲ್ಲಿ ಹೆಚ್ಚಿನವು ಬಿಟ್ಟುಹೋದ ಸುತ್ತೇ. ಇದಕ್ಕಾಗಿ ಒಂದು ಸಾಲೂ ಬಿಚ್ಚಬೇಕಾಗಿಲ್ಲ. ಎರಡು ಕುಣಿಕೆಗಳ ನಡುವೆ ಅಡ್ಡಲಾಗಿ ಒಂದು ದಾರ ಓಡುತ್ತದಲ್ಲ, ಅದೇ ನಿಮ್ಮ ಸುತ್ತು, ಎತ್ತಿಕೊಂಡರೆ ಸಾಕು.

ಮುಂದಿನ ಉಲ್ಟಾ ಸಾಲಿನಲ್ಲೇ ಗೊತ್ತಾದರೆ ಸುತ್ತು ಇರಬೇಕಾದ ಜಾಗದವರೆಗೆ ಹೆಣೆದು ಬನ್ನಿ. ಅಲ್ಲಿನ ಅಡ್ಡ ದಾರದ ಅಡಿಗೆ ಎಡಗಡ್ಡಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸಿ ಎತ್ತಿ, ಮಾಮೂಲಿನ ಹಾಗೆ ಪರ್ಲ್ ಮಾಡಿ. ಹಿಂಬದಿಯಿಂದ ಮಾಡಿದರೆ ಕುಣಿಕೆ ತಿರುಚಿಕೊಂಡು ತೂತು ಮುಚ್ಚಿಹೋಗುತ್ತದೆ. ಈ ತೂತು ಬೇರೆಯವಕ್ಕಿಂತ ಸ್ವಲ್ಪ ಚಿಕ್ಕದಾಗಿರುತ್ತದೆ. ಅಕ್ಕಪಕ್ಕದ ಕುಣಿಕೆಗಳಿಂದ ಕ್ರೋಷಾ ಕಡ್ಡಿಯ ತುದಿಯಲ್ಲಿ ಒಂದಿಷ್ಟು ದಾರ ಎಳೆದುಕೊಟ್ಟರೆ ಸರಿಹೋಗುತ್ತದೆ.

ಅದರ ಮುಂದಿನ ಸೀದಾ ಸಾಲಿಗೆ ಬಂದಾಗ ಗೊತ್ತಾದರೆ ಅಲ್ಲಿ ಒಂದರ ಮೇಲೊಂದು ಎರಡು ಅಡ್ಡ ದಾರ ಇರುತ್ತವೆ. ಕೆಳಗಿನದು ಸುತ್ತು, ಮೇಲಿನದು ಅದರ ಪರ್ಲ್. ಕ್ರೋಷಾ ಕಡ್ಡಿಯನ್ನು ಕೆಳಗಿನ ದಾರದ ಅಡಿಯಿಂದ ತೂರಿಸಿ, ಮೇಲಿನ ದಾರವನ್ನು ಅದರೊಳಗಿಂದ ನಿಮ್ಮ ಕಡೆಗೆ ಎಳೆಯಿರಿ. ಬಂದ ಕುಣಿಕೆಯನ್ನು ಅದರ ಬಲಗಾಲು (ಬಲಬದಿಯ ಎಳೆ) ಮುಂದಿರುವ ಹಾಗೆ ಎಡಗಡ್ಡಿಗೆ ಹಾಕಿ. ಓಲ್ಡ್ ಶೇಲ್ ತರಹ ಉಲ್ಟಾ ಬದಿಯಲ್ಲೂ ನಿಟ್ ಇರುವ ಸಾಲಾದರೆ ಶಾಲನ್ನು ತಿರುಗಿಸಿ ಹಿಂಬದಿಯಿಂದ ಇದೇ ಕೆಲಸ ಮಾಡಿ, ಇಲ್ಲವಾದರೆ ಆ ಸಾಲಿನ ಉಬ್ಬಿದ ಗೆರೆಯಲ್ಲಿ ಒಂದು ಕುಣಿಕೆ ಮಾತ್ರ ತಗ್ಗಿ ಕಾಣುತ್ತದೆ.

ಹೆಚ್ಚಾದ ಸುತ್ತು ಇದ್ದರೆ ಇಷ್ಟೂ ಇಲ್ಲ. ಕಡ್ಡಿಯಿಂದ ಬೀಳಿಸಿಬಿಡಿ, ಅದರ ದಾರ ಅಕ್ಕಪಕ್ಕದವರಿಗೆ ಹಂಚಿಹೋಗುತ್ತದೆ. ಜೋಡಿ ತಪ್ಪಿದ್ದರೆ ಮುಂದಿನ ಉಲ್ಟಾ ಸಾಲಿನಲ್ಲಿ ಆ ಎರಡನ್ನೇ ಸೇರಿಸಿ ಪರ್ಲ್ ಮಾಡಿ. ಜೋಡಿ ಒಂದು ಸಾಲು ತಡವಾಗಿ ಬಂತು ಎಂದು ಕಂಡುಹಿಡಿಯುವವರು ಮೂಗು ತಾಗಿಸಿ ನೋಡಬೇಕು.

ಲೆಕ್ಕ ಸರಿ, ನೋಟ ಸರಿ ಇಲ್ಲ

ಕುಣಿಕೆ ಸರಿಯಾಗಿಯೇ ಬರುತ್ತಿದೆ, ಆದರೂ ವಿನ್ಯಾಸದ ಎಲೆ ಎಲೆಯ ಹಾಗೆ ಕಾಣುತ್ತಿಲ್ಲ. ಇದಕ್ಕೆ ಕಾರಣಗಳು ಕೆಲವೇ. ಎಲೆಯ ಒಂದು ಅಂಚು ನಯ, ಇನ್ನೊಂದು ಹಲ್ಲುಹಲ್ಲಾಗಿದ್ದರೆ ಜೋಡಿಯ ವಾಲು ನೋಡಿ. ಎರಡನ್ನು ಮಾಮೂಲಾಗಿ ಸೇರಿಸಿ ನಿಟ್ ಮಾಡಿದ್ದು ಬಲಕ್ಕೆ ವಾಲುತ್ತದೆ. ಎಡಕ್ಕೆ ವಾಲಬೇಕಾದರೆ ಎಸ್‌ಎಸ್‌ಕೆ (ಸ್ಲಿಪ್, ಸ್ಲಿಪ್, ನಿಟ್): ಎರಡನ್ನೂ ಒಂದೊಂದಾಗಿ ನಿಟ್ ಮಾಡುವ ಹಾಗೆ ತಿರುಗಿಸಿ ಬಲಗಡ್ಡಿಗೆ ಜಾರಿಸಿ, ಎಡಗಡ್ಡಿಯನ್ನು ಅವುಗಳ ಮುಂದಿನಿಂದ ತೂರಿಸಿ ಒಟ್ಟಿಗೆ ಹೆಣೆಯುವುದು. ಜಾರಿಸುವಾಗ ಪರ್ಲ್‌ನ ಹಾಗೆ ಜಾರಿಸಿದರೆ ಕುಣಿಕೆ ತಿರುಚಿ ಅಂಚು ಗಂಟುಗಂಟಾಗಿ ಕಾಣುತ್ತದೆ. ನನ್ನ ಕಣ್ಣಿಗೆ ಬಿದ್ದ ಒರಟು ಎಲೆಗಳಲ್ಲಿ ಬಹುಪಾಲು ಇದೇ ಕಥೆ.

ತೂತುಗಳೆಲ್ಲ ಮುದುಡಿದ್ದರೆ ಸುತ್ತು ಹಾಕುವ ದಿಕ್ಕು ತಿರುಗುಮುರುಗಾಗಿದೆ, ಅಥವಾ ಉಲ್ಟಾ ಸಾಲಿನಲ್ಲಿ ಸುತ್ತನ್ನು ಹಿಂದಿನ ಕಾಲಿನಿಂದ ಪರ್ಲ್ ಮಾಡುತ್ತಿದ್ದೀರಿ. ಒಂದೆರಡು ಮಾತ್ರ ಮುದುಡಿದ್ದರೆ ಬಿಟ್ಟುಬಿಡಿ. ಎಲ್ಲವೂ ಹಾಗಿದ್ದರೆ ಕೈಯ ಅಭ್ಯಾಸವನ್ನೇ ತಿದ್ದಬೇಕು.

ವಿನ್ಯಾಸ ಒಂದು ಸಾಲಿನಿಂದ ಮುಂದಕ್ಕೆ ಓರೆಯಾಗಿ ಸರಿದುಹೋಗಿದ್ದರೆ ಆ ಸಾಲಿನಲ್ಲಿ ಒಂದು ಸುತ್ತು ಬಿಟ್ಟು ಇನ್ನೊಂದು ಕಡೆ ಹೆಚ್ಚಿಗೆ ಹಾಕಿರುತ್ತೀರಿ. ಎರಡು ತಪ್ಪು ಸೇರಿ ಲೆಕ್ಕ ಸರಿಮಾಡಿಬಿಡುತ್ತವೆ, ಹಾಗಾಗಿ ಎಣಿಕೆಯೊಂದನ್ನೇ ನಂಬಿದವರಿಗೆ ಇದು ಸಿಗುವುದಿಲ್ಲ. ಇದನ್ನು ಹಿಡಿಯಲು ಹೆಣಿಗೆಯನ್ನೇ ಓದಬೇಕು. ಓಲ್ಡ್ ಶೇಲ್‌ನಲ್ಲಿ ಜೋಡಿಗಳ ಗುಂಪಿನ ನೇರ ಮೇಲೆ ಜೋಡಿಗಳೇ ಬರುತ್ತವೆ. ಜೋಡಿಯ ಮೇಲೆ ತೂತು ಕಂಡರೆ ಆ ಜಾಗದಲ್ಲೇ ಎಡವಿದ್ದೀರಿ.

ಚಾರ್ಟ್‌ನ ದೋಷ, ಕಣ್ಣಿನ ದೋಷ

ಚಾರ್ಟ್ ಎಂದರೆ ಹೆಣಿಗೆಯ ಸೀದಾ ಬದಿಯ ಚಿತ್ರ. ಕೆಳಗಿನಿಂದ ಮೇಲೆ ಓದಬೇಕು. ಸೀದಾ ಸಾಲನ್ನು ಬಲದಿಂದ ಎಡಕ್ಕೆ, ಉಲ್ಟಾ ಸಾಲನ್ನು ಎಡದಿಂದ ಬಲಕ್ಕೆ. ಕನ್ನಡ ಓದಿ ಬೆಳೆದ ಕಣ್ಣು ಸೀದಾ ಸಾಲಿನಲ್ಲೂ ಎಡಗಡೆಯಿಂದಲೇ ಶುರುಮಾಡಲು ನೋಡುತ್ತದೆ. ಎಡಬಲ ಒಂದೇ ತರಹ ಇರುವ ವಿನ್ಯಾಸದಲ್ಲಿ ಈ ತಪ್ಪು ತುಂಬ ಹೊತ್ತು ಗೊತ್ತೇ ಆಗುವುದಿಲ್ಲ. ಸಾಲಿನ ನಂಬರ್ ಬಲಗಡೆ ಬರೆದಿದ್ದರೆ ಬಲದಿಂದ ಶುರು, ಎಡಗಡೆ ಬರೆದಿದ್ದರೆ ಎಡದಿಂದ. 1, 3, 5 ಎಂದು ಬೆಸ ಸಾಲು ಮಾತ್ರ ಇದ್ದರೆ ಉಲ್ಟಾ ಸಾಲು ಬರೀ ಪರ್ಲ್ ಎಂದು ಪಕ್ಕದ ಸೂಚನೆಯಲ್ಲಿ ಹೇಳಿರುತ್ತಾರೆ. ಅದನ್ನು ಓದದೆ ಬೆಸ ಸಾಲುಗಳನ್ನೇ ಒಂದರ ಮೇಲೊಂದು ಹೆಣೆದರೆ ಎಲೆ ಅರ್ಧ ಎತ್ತರಕ್ಕೆ ಚಪ್ಪಟೆಯಾಗುತ್ತದೆ. ಶಾಲನ್ನು ತಿರುಗಿಸದೆ ವೃತ್ತಾಕಾರವಾಗಿ ಹೆಣೆಯುವುದಾದರೆ ಎಲ್ಲ ಸಾಲೂ ಬಲದಿಂದಲೇ. ಬೂದು ಬಣ್ಣದ ಮನೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿ ಕುಣಿಕೆಯೇ ಇಲ್ಲ. ಚಿಹ್ನೆಗಳು ಒಬ್ಬೊಬ್ಬ ಪ್ರಕಾಶಕರಿಗೆ ಒಂದೊಂದು ತರಹ. ಹಳೆಯ ಪುಸ್ತಕದ ಚಿಹ್ನೆ ನೆನಪಿಟ್ಟುಕೊಂಡು ಹೊಸ ಚಾರ್ಟ್‌ಗೆ ಇಳಿಯಬೇಡಿ.

ಸಾಲು ಗುರುತಿಗೆ ಅಂಟುವ ಚೀಟಿಯನ್ನೋ ಸ್ಕೇಲನ್ನೋ ಇಡುವಾಗ ಎಲ್ಲರೂ ಕೆಳಗಿನ, ಅಂದರೆ ಮುಗಿದ ಸಾಲುಗಳನ್ನು ಮುಚ್ಚುತ್ತಾರೆ. ತಲೆಕೆಳಗು ಮಾಡಿ. ಮುಂದೆ ಬರುವ ಸಾಲುಗಳನ್ನು ಮುಚ್ಚಿ, ಮುಗಿದವು ಕಾಣುತ್ತಿರಲಿ. ಈಗ ಹೆಣೆಯುವ ಸುತ್ತು ಕೆಳಗಿನ ಯಾವ ಕುಣಿಕೆಯ ಮೇಲೆ ಕೂರಬೇಕು ಎಂದು ಚಾರ್ಟ್‌ನಲ್ಲೂ ಕೈಯಲ್ಲೂ ಒಟ್ಟಿಗೆ ಹೋಲಿಸಿ ನೋಡಬಹುದು. ತಪ್ಪು ಹುಟ್ಟಿದ ಸಾಲಿನಲ್ಲೇ ಸಿಕ್ಕಿಬೀಳುತ್ತದೆ.

ಕರೆಂಟ್ ಹೋದರೆ ವಿನ್ಯಾಸದ ಸಾಲಿನ ಮಧ್ಯೆಯೇ ಆದರೂ ನಿಲ್ಲಿಸಿಬಿಡಿ, ಮೊಬೈಲ್ ಟಾರ್ಚ್‌ನಲ್ಲಿ ಮುಗಿಸಲು ಹೋಗಬೇಡಿ. ಉಲ್ಟಾ ಸಾಲನ್ನಾದರೆ ಕತ್ತಲಲ್ಲೂ ಬೆರಳಿನ ಲೆಕ್ಕದಲ್ಲಿ ಹೆಣೆಯಬಹುದು. ಅಡಿಕೆ ಸುಲಿಯುವ ಜಗಲಿಯಲ್ಲಿ ಮಾತಾಡುತ್ತ ಹೆಣೆಯುವವರಿಗೂ ಇದನ್ನೇ ಹೇಳುವುದು: ಪರ್ಲ್ ಸಾಲಿಗೆ ಹರಟೆ, ವಿನ್ಯಾಸದ ಸಾಲಿಗೆ ಮೌನ.

ಲೈಫ್‌ಲೈನ್: ಹಾಕಿದ್ದರೆ, ಹಾಕದಿದ್ದರೆ

ಇಷ್ಟೆಲ್ಲ ನೋಡಿಯೂ ಬಿಚ್ಚಲೇಬೇಕಾದ ಸಂದರ್ಭ ಬರುತ್ತದೆ. ಆಗ ಉಳಿಸುವುದು ಲೈಫ್‌ಲೈನ್, ಅಂದರೆ ಬಿಚ್ಚಿದಾಗ ಆ ಸಾಲಿನ ಕುಣಿಕೆಗಳು ಜಾರದ ಹಾಗೆ ಹಿಡಿದಿಡುವ ದಾರ. ಒಂದು ಆವರ್ತನೆ ಮುಗಿದ ಮೇಲೆ, ಸಾದಾ ಸಾಲು ಹೆಣೆದು ಎಣಿಸಿ ಸರಿ ಇದೆ ಎಂದು ಖಾತ್ರಿಯಾದ ಮೇಲೆ, ಮೊಂಡು ತುದಿಯ ದಪ್ಪ ಸೂಜಿಗೆ ದಾರ ಪೋಣಿಸಿ ಕಡ್ಡಿಯಲ್ಲಿರುವ ಎಲ್ಲ ಕುಣಿಕೆಗಳೊಳಗಿಂದ ದಾಟಿಸಿ. ಎಣಿಸದೆ ಹಾಕಿದರೆ ತಪ್ಪಿಗೇ ಬೇಲಿ ಕಟ್ಟಿದ ಹಾಗೆ. ಮಾರ್ಕರ್‌ನೊಳಗಿಂದ ಮಾತ್ರ ದಾಟಿಸಬೇಡಿ, ಆಮೇಲೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ದಾರ ಹೆಣಿಗೆಯ ದಾರಕ್ಕಿಂತ ಸಪೂರ, ನಯ, ಬೇರೆ ಬಣ್ಣ ಇರಲಿ. ಕ್ರೋಷಾ ಕಾಟನ್ ದಾರ ಸರಿಯಾದದ್ದು, ಗಾಳದ ನೈಲಾನ್ ದಾರವೂ ಆಗುತ್ತದೆ. ಹೂ ಕಟ್ಟುವ ದಾರ ಬೇಡ, ಎಳೆ ಬಿಟ್ಟು ಉಲ್ಲನ್‌ಗೆ ಮೆತ್ತಿಕೊಳ್ಳುತ್ತದೆ. ಬಿಳಿ ಶಾಲಿಗೆ ಕೆಂಪು ದಾರ ಹಾಕುವ ಮೊದಲು ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. ಯಾವ ನಂಬರಿನ ಸಾಲಿನಲ್ಲಿ ಹಾಕಿದಿರಿ ಎಂದು ಬರೆದಿಡಿ. ಬಿಚ್ಚಿದ ಮೇಲೆ ಎಲ್ಲಿದ್ದೇವೆ ಎಂದು ತಿಳಿಯದಿದ್ದರೆ ಲೈಫ್‌ಲೈನ್ ಇದ್ದೂ ಅರ್ಧ ಪ್ರಯೋಜನ.

ಹಾಕಿರಲಿಲ್ಲವೇ? ತಪ್ಪಿನ ಕೆಳಗಿನ ಒಂದು ಸಾದಾ ಸಾಲನ್ನು ಆರಿಸಿ, ಸಪೂರ ಕಡ್ಡಿಯೊಂದನ್ನು ಆ ಸಾಲಿನ ಪ್ರತಿ ಕುಣಿಕೆಯ ಬಲಗಾಲಿನ ಅಡಿಯಿಂದ ತೂರಿಸುತ್ತ ಹೋಗಿ. ಪೂರ್ತಿ ಸಾಲು ಎತ್ತಿಕೊಂಡು ಎಣಿಸಿದ ಮೇಲೆ ಮೇಲಿನದನ್ನು ಬಿಚ್ಚಿ. ಹಗಲಲ್ಲಿ, ಕಿಟಕಿಯ ಪಕ್ಕ ಕೂತು ಮಾಡುವ ಕೆಲಸ ಇದು.

ತಪ್ಪು ಒಂದೇ ಎಲೆಯಲ್ಲಿದ್ದರೆ ಆ ಎಲೆಯ ಕುಣಿಕೆಗಳನ್ನು ಮಾತ್ರ ಬೀಳಿಸಿ, ಬಿಚ್ಚಿದ ದಾರಗಳನ್ನು ಕೆಳಗಿನಿಂದ ಕ್ರಮವಾಗಿ ಬಳಸಿ ಎರಡು ಚೂಪುತುದಿಯ ಗಿಡ್ಡ ಕಡ್ಡಿಗಳಲ್ಲಿ ಮತ್ತೆ ಹೆಣೆಯಬಹುದು. ಸುತ್ತು-ಜೋಡಿ ಆ ಭಾಗದೊಳಗೇ ಸರಿದೂಗುತ್ತಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಹತ್ತು ಸಾಲಿಗಿಂತ ಕೆಳಗೆ ಇಳಿಯಬೇಕಾದರೆ ನಾನಾದರೆ ಪೂರ್ತಿ ಬಿಚ್ಚುತ್ತೇನೆ. ಆ ಆಳದಲ್ಲಿ ದಾರದ ಬಿಗಿ ಒಂದೇ ತರಹ ಬರುವುದಿಲ್ಲ. ಎಲ್ಲ ತಪ್ಪನ್ನೂ ತಿದ್ದಲೇಬೇಕೆಂದೂ ಇಲ್ಲ. ಲೆಕ್ಕ ಕೆಡಿಸುವ ತಪ್ಪನ್ನು ತಿದ್ದಿ. ನಲವತ್ತು ಎಲೆಗಳಲ್ಲಿ ಒಂದರ ಜೋಡಿ ಅತ್ತ ವಾಲಿದ್ದರೆ ಹೊದ್ದುಕೊಂಡಾಗ ಅದು ಯಾರಿಗೂ ಕಾಣುವುದಿಲ್ಲ.

ಅಳತೆಯೇ ತಪ್ಪಿ ಬಂದರೆ

ಶಾಲು ಹೇಳಿದ್ದಕ್ಕಿಂತ ಗಿಡ್ಡ, ಬಿಗಿ. ಕಡ್ಡಿಯ ನಂಬರ್ ನೋಡಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ದುರ್ಗಿಗುಡಿಯಲ್ಲೋ ಫ್ಯಾನ್ಸಿ ಅಂಗಡಿಯಿಂದ ತರುವ ಕಡ್ಡಿಗಳ ಮೇಲೆ ಸಾಮಾನ್ಯವಾಗಿ ಹಳೆಯ ಬ್ರಿಟಿಷ್ ನಂಬರ್ ಇರುತ್ತದೆ, ಅದರಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಪೂರ. ಅಮೆರಿಕದ ನಂಬರ್ ಇದಕ್ಕೆ ಉಲ್ಟಾ. ನಮ್ಮ 10 ಎಂದರೆ 3.25 ಮಿ.ಮೀ., ಅವರ 10 ಎಂದರೆ 6 ಮಿ.ಮೀ. ನಮ್ಮ 8 ಎಂದರೆ 4 ಮಿ.ಮೀ., ಅವರ 8 ಎಂದರೆ 5. ನಂಬರ್ ಬಿಟ್ಟು ಮಿಲಿಮೀಟರ್ ಮಾತ್ರ ನೋಡಿ.

ಮುಗಿದರೂ ಮುದ್ದೆಯಾಗಿ ಕಾಣುತ್ತಿದೆ

ಇದು ದೋಷವಲ್ಲ. ಕಡ್ಡಿಯಿಂದ ಇಳಿದ ಲೇಸ್ ಮುದುಡಿಯೇ ಇರುತ್ತದೆ, ಬ್ಲಾಕಿಂಗ್ (ಎಳೆದು ಪಿನ್ ಹಾಕಿ ಆಕಾರ ಕೂರಿಸುವುದು) ಆದ ಮೇಲೆ ತೂತು ಬಿಚ್ಚಿಕೊಳ್ಳುತ್ತದೆ. ಬ್ಲಾಕಿಂಗ್ ಮಾಡಿದರೂ ಮಾರನೇ ದಿನ ಮುದುಡಿತು ಎಂದರೆ ನಿಮ್ಮ ದಾರ ಅಕ್ರಿಲಿಕ್. ಉಣ್ಣೆ ನೀರಿನಲ್ಲಿ ನೆನೆದು ಎಳೆದ ಆಕಾರದಲ್ಲೇ ಒಣಗಿ ನಿಲ್ಲುತ್ತದೆ. ಅಕ್ರಿಲಿಕ್‌ಗೆ ನೀರು ಸಾಲದು, ಬಿಸಿ ಹಬೆ ಬೇಕು. ಪಿನ್ ಹಾಕಿ ಎಳೆದು, ಇಸ್ತ್ರಿಪೆಟ್ಟಿಗೆಯನ್ನು ತಾಗಿಸದೆ ಒಂದಿಂಚು ಮೇಲಿನಿಂದ ಹಬೆ ಕೊಡಿ, ಮೊದಲು ತುಂಡು ಹೆಣಿಗೆಯ ಮೇಲೆ. ಬಿಸಿ ಮಿತಿಮೀರಿದರೆ ದಾರ ಸತ್ತು ಜೋತುಬೀಳುತ್ತದೆ, ಅದನ್ನು ವಾಪಸ್ ತರಲು ಆಗುವುದಿಲ್ಲ.

ಉಣ್ಣೆಯಾದರೆ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ಹಳೇ ಹಾಸಿಗೆಯ ಮೇಲೆ ಬೆಡ್‌ಶೀಟ್ ಹಾಸಿ ಪಿನ್ ಮಾಡಿ. ಪುಸ್ತಕಗಳಲ್ಲಿ ರಾತ್ರಿ ಹಾಕಿದರೆ ಬೆಳಿಗ್ಗೆಗೆ ಒಣಗುತ್ತದೆ ಎಂದು ಬರೆದಿರುತ್ತಾರೆ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಜುಲೈನಲ್ಲಿ ಅದು ಆಗದ ಮಾತು. ಎರಡು ಮೂರು ದಿನ ಹಸಿಯಾಗಿಯೇ ಇರುವುದರಿಂದ ಮಾಮೂಲಿ ಗುಂಡುಪಿನ್ ತುಕ್ಕು ಹಿಡಿದು ಶಾಲಿನ ಅಂಚಿಗೆಲ್ಲ ಕಂದು ಚುಕ್ಕೆ ಮೂಡುತ್ತದೆ, ಆ ಕಲೆ ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ. ತುಕ್ಕು ಹಿಡಿಯದ ಸ್ಟೀಲ್ ಪಿನ್ನೇ ಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಬೇಗ ಒಣಗುತ್ತದೆ ನಿಜ, ಹೊಗೆಯ ವಾಸನೆ ಮಾತ್ರ ಉಣ್ಣೆಯಿಂದ ಬಿಡುವುದಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹರಡಿ. ಅವಸರ ಇಲ್ಲವಾದರೆ ಹೆಣೆದದ್ದನ್ನು ಹಾಗೇ ಮಡಿಸಿಟ್ಟು ದೀಪಾವಳಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ನೆನೆಸುವುದು ವಾಸಿ.

ಪಿನ್ ಮಾಡುವಾಗ ಉಳಿದ ಕಡೆಯೆಲ್ಲ ಎಳೆದ ಹಾಗೆ ಹಿಗ್ಗುತ್ತಿದ್ದರೂ ಒಂದು ಅಂಚು ಮಾತ್ರ ಬಿಲ್ಲಿನ ಹಾಗೆ ಬಗ್ಗಿಯೇ ನಿಂತರೆ ಮುಗಿಸುವ ಸಾಲು ಬಿಗಿಯಾಗಿದೆ. ಅಷ್ಟು ಮಾತ್ರ ಬಿಚ್ಚಿ, ಎರಡು ನಂಬರ್ ದಪ್ಪ ಕಡ್ಡಿ ತೆಗೆದುಕೊಳ್ಳಿ. ಎರಡು ಕುಣಿಕೆಯನ್ನು ಹಿಂಬದಿಯಿಂದ ಸೇರಿಸಿ ಹೆಣೆದು, ಬಂದ ಒಂದನ್ನು ಎಡಗಡ್ಡಿಗೆ ವಾಪಸ್ ಹಾಕಿ, ಮುಂದಿನದರ ಜೊತೆ ಮತ್ತೆ ಸೇರಿಸಿ ಹೆಣೆಯುತ್ತ ಹೋಗಿ. ಈ ಅಂಚು ಎಳೆದಷ್ಟೂ ಬರುತ್ತದೆ. ದಾರ ಮಾತ್ರ ಸ್ವಲ್ಪ ಹೆಚ್ಚು ತಿನ್ನುತ್ತದೆ, ಕೊನೆಯ ಸಾಲಿಗೆ ಬರುವ ಮೊದಲು ಉಂಡೆಯಲ್ಲಿ ಶಾಲಿನ ಅಗಲದ ನಾಲ್ಕರಷ್ಟಾದರೂ ಉಳಿದಿದೆಯೇ ಅಳೆದು ನೋಡಿಕೊಳ್ಳಿ.